ಮೊಣಕಾಲೆತ್ತರದ ಬೆಂಕಿ: ಚಿಂಚೋಳಿ ಕಾಡಿನ ಕಿಚ್ಚನ್ನು ಅಳೆಯೋದು ಹೇಗೆ?

ಹೋಳಿ ಹುಣ್ಣಿಮೆ ಮುಗಿದ ವಾರ. ಕಲಬುರಗಿ ಜಿಲ್ಲೆಯ ಚಿಂಚೋಳಿಯಿಂದ ಕುಂಚಾವರಂ ಕಡೆ ಹೋಗುತ್ತಿದ್ದೆ. ಮಧ್ಯಾಹ್ನ ಮೂರೂವರೆ ಇರಬೇಕು. ರಸ್ತೆಯ ಬಲಕ್ಕೆ ತೇಗದ ಮರಗಳ ನಡುವೆ ಹೊಗೆ ಕಂಡಿತು. ಗಾಡಿ ನಿಲ್ಲಿಸಿ ಇಳಿದೆ.

ಟಿವಿಯಲ್ಲಿ ನೋಡುವಂಥ ಕಾಳ್ಗಿಚ್ಚು ಅಲ್ಲ ಅದು. ಮರದ ತುದಿಗೆ ಜ್ವಾಲೆ ಇಲ್ಲ, ಗದ್ದಲ ಇಲ್ಲ. ಮೊಣಕಾಲಿನಷ್ಟು ಎತ್ತರದ ಒಂದು ಕೆಂಪು ಗೆರೆ, ನೆಲ ಹಿಡಿದು ತೆವಳುತ್ತಿತ್ತು. ಒಣಗಿದ ತೇಗದೆಲೆ ಸಿಕ್ಕಲ್ಲಿ ಭುಗ್ ಅಂತ ಏಳುತ್ತಿತ್ತು, ಬರಿ ಮುರುಮು ಸಿಕ್ಕಲ್ಲಿ ಸುಮ್ನೆ ಆರುತ್ತಿತ್ತು. ಹಿಂದೆ ಉಳಿಯುತ್ತಿದ್ದದ್ದು ಕಪ್ಪು ನೆಲ, ಬುಡ ಮಸಿಯಾದ ಮರ. ಕುರಿ ಕಾಯುವ ಹಿರಿಯರೊಬ್ಬರು ಹಸಿ ಟೊಂಗೆ ಮುರಿದು ಅಂಚಿನಲ್ಲಿ ಬಡಿಯುತ್ತಿದ್ದರು. ನಾನೂ ಒಂದು ಟೊಂಗೆ ಹಿಡಿದೆ. ಹತ್ತು ನಿಮಿಷಕ್ಕೆ ಕಣ್ಣು ಉರಿ, ಗಂಟಲು ಉರಿ. ನಡುವೆ ಒಂದು ಕಚೇರಿಗೆ ಫೋನ್ ಮಾಡಿದೆ. ಆ ಕಡೆಯಿಂದ ಬಂದ ಮೊದಲ ಪ್ರಶ್ನೆ: "ಅರಣ್ಯದ ಜಾಗನೋ, ಗಾಯರಾಣನೋ?" ಗಾಯರಾಣ ಅಂದರೆ ಊರಿನ ದನ ಮೇಯುವ ಜಾಗ. ಬೆಂಕಿಯನ್ನೇ ಕೇಳಬೇಕಿತ್ತು. ಕತ್ತಲಾಗುವ ಹೊತ್ತಿಗೆ ಅದು ತಾನಾಗಿಯೇ ತಣ್ಣಗಾಯಿತು.

ಮರುದಿನ ಮನೆಯಲ್ಲಿ ಕೂತು ಉಪಗ್ರಹದ ಬೆಂಕಿ ನಕ್ಷೆ ತೆರೆದೆ. ಆ ಜಾಗದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ.

ಇದರಲ್ಲಿ ಯಾರ ತಪ್ಪೂ ಇಲ್ಲ. ನಕ್ಷೆ ಹೇಗೆ ತಯಾರಾಗುತ್ತದೆ ಅಂತ ತಿಳಿದರೆ ಅರ್ಥವಾಗುತ್ತದೆ. ನಮ್ಮ ದೇಶದಲ್ಲಿ ಕಾಡಿನ ಬೆಂಕಿಯ ಲೆಕ್ಕ ಇಡೋದು ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ. 2004ರಿಂದ ಉಪಗ್ರಹದ ಸಹಾಯದಿಂದ ಎಚ್ಚರಿಕೆ ಕಳಿಸುತ್ತಿದೆ. ಮೊದಲು ಬಳಸಿದ್ದು ಮೋಡಿಸ್ ಅನ್ನುವ ಉಪಕರಣ, ಅದರ ಒಂದು ಚೌಕ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಈಗಿನ ವಿಐಐಆರ್‌ಎಸ್ ಉಪಕರಣದ ಚೌಕ 375 ಮೀಟರ್, ಅಂದರೆ ಸುಮಾರು 35 ಎಕರೆ. ಎಷ್ಟೋ ಸುಧಾರಣೆ, ಒಪ್ಪೋಣ. ಆದರೆ ಅದನ್ನು ಹೊತ್ತ ಉಪಗ್ರಹ ನಮ್ಮ ತಲೆಯ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆಯ ಆಸುಪಾಸು, ಮತ್ತೆ ರಾತ್ರಿ ಒಂದೂವರೆಯ ಆಸುಪಾಸು. ಮೂರಕ್ಕೆ ಹುಟ್ಟಿ ಏಳಕ್ಕೆ ಸತ್ತ ಬೆಂಕಿ ಅದರ ಕಣ್ಣಿಗೆ ಬೀಳುವುದಾದರೂ ಹೇಗೆ? ಅದೂ ಮರದ ನೆರಳಿನಡಿ ತೆವಳುವ ತೆಳ್ಳನೆ ಗೆರೆ.

ಹೀಗಾಗಿ ಅಂಕಿಗಳನ್ನು ಓದುವಾಗ ಸ್ವಲ್ಪ ಹುಷಾರಾಗಿರಬೇಕು. 2023ರ ನವೆಂಬರ್‌ನಿಂದ 2024ರ ಜೂನ್‌ವರೆಗೆ ದೇಶದಲ್ಲಿ 2,03,544 ಬೆಂಕಿ ತಾಣಗಳು ಉಪಗ್ರಹಕ್ಕೆ ಕಂಡವು. ಹಿಂದಿನ ಋತುವಿನಲ್ಲಿ 2,12,249, ಅದಕ್ಕೂ ಹಿಂದೆ 2,23,333. ಇಳಿಯುತ್ತಿದೆ, ಒಳ್ಳೆಯದಾಯಿತು ಅಂತ ಅನ್ನಿಸುತ್ತದೆ ಅಲ್ವಾ? ಆದರೆ ಇವು ಬೆಂಕಿಗಳ ಸಂಖ್ಯೆ ಅಲ್ಲ, ಚುಕ್ಕೆಗಳ ಸಂಖ್ಯೆ. ಉತ್ತರಾಖಂಡದ ಒಂದು ದೊಡ್ಡ ಬೆಂಕಿ ಮೂರು ದಿನ ಉರಿದರೆ ಹತ್ತಾರು ಚುಕ್ಕೆ. ಕುಂಚಾವರಂನ ಸಣ್ಣ ಬೆಂಕಿ ನಾಲ್ಕು ತಾಸು ಉರಿದರೆ ಸೊನ್ನೆ. ದೊಡ್ಡ ಬೆಂಕಿಯ ನಾಡಿಗೆ ಹೊಲಿದ ಅಂಗಿ ಇದು, ನಮ್ಮ ಮೈಗೆ ಸರಿಯಾಗಿ ಕೂರುವುದಿಲ್ಲ.

ಇನ್ನೊಂದು ಕಡೆ, ಇಲ್ಲದ ಕಾಳ್ಗಿಚ್ಚು ಇದ್ದಂತೆ ಕಾಣುವುದೂ ಉಂಟು. ಬೀದರ್ ಜಿಲ್ಲೆಯಲ್ಲಿ ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಚ್ಚುತ್ತಾರೆ. ಕಲಬುರಗಿ, ಯಾದಗಿರಿ ಕಡೆ ಮುಂಗಾರಿಗೆ ಮೊದಲು ಹೊಲ ಹಸನು ಮಾಡುವಾಗ ಬದುವಿನ ಹುಲ್ಲು, ಹೊಲದ ಕಸ, ಕೂಳೆ ಎಲ್ಲ ಒಟ್ಟಿ ಸುಡುತ್ತಾರೆ. ಉಪಗ್ರಹಕ್ಕೆ ಬಿಸಿ ಅಂದರೆ ಬಿಸಿ, ಅದು ಹೊಲವೋ ಕಾಡೋ ಅಂತ ತಾನಾಗಿ ತಿಳಿಯುವುದಿಲ್ಲ. ಕಾಡಿನ ಗಡಿ ನಕ್ಷೆಯ ಮೇಲೆ ಇಟ್ಟು ಜರಡಿ ಹಿಡಿಯಬೇಕು. ನಮ್ಮಲ್ಲಿ ಕಾಡು ಹೊಲದೊಳಗೆ, ಹೊಲ ಕಾಡೊಳಗೆ ನುಗ್ಗಿಕೊಂಡಿದೆ. ಆ ಗಡಿಯಲ್ಲಿ ಜರಡಿಯ ತೂತು ಬಹಳ ದೊಡ್ಡದು.

ಸುಟ್ಟ ಮೇಲೆ ಉಳಿಯುವ ಕಪ್ಪು ಕಲೆಯನ್ನು ಹುಡುಕಬಹುದು ಅನ್ನುವವರಿದ್ದಾರೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಐದು ದಿನಕ್ಕೊಮ್ಮೆ 10ರಿಂದ 20 ಮೀಟರ್ ವಿವರದ ಚಿತ್ರ ಕೊಡುತ್ತವೆ, ಅದೂ ಪುಕ್ಕಟೆ. ಒಳ್ಳೆಯ ದಾರಿಯೇ. ಆದರೆ ನಮ್ಮ ಎರೆ ಭೂಮಿಯ ಬಣ್ಣ ಏನು? ಮಾಗಿ ಉಳುಮೆ ಮಾಡಿದ ಎರೆ ಹೊಲವೂ ಕಪ್ಪು, ಸುಟ್ಟ ಗಾಯರಾಣವೂ ಕಪ್ಪು. ಕಡುಬಣ್ಣದ ಮಣ್ಣನ್ನು ಕಂಪ್ಯೂಟರ್ ಸುಟ್ಟ ಜಾಗ ಅಂತ ಎಣಿಸುವುದು ಈ ವಿಷಯದಲ್ಲಿ ಕೆಲಸ ಮಾಡುವವರಿಗೆ ಗೊತ್ತಿರುವ ಹಳೆಯ ತಲೆನೋವು. ಅದರ ಮೇಲೆ ಫೆಬ್ರುವರಿಯಲ್ಲಿ ನಮ್ಮ ಮರಗಳು ಎಲೆ ಉದುರಿಸಿ ಬೋಳಾಗುತ್ತವೆ. ಹಸಿರು ಹೋದದ್ದು ಬೆಂಕಿಯಿಂದಲೋ ಋತುವಿನಿಂದಲೋ? ಜಾಗಕ್ಕೆ ಹೋಗಿ ನೋಡಿದವರು ಹೇಳದಿದ್ದರೆ ಕಂಪ್ಯೂಟರ್ ಕಲಿಯುವುದಿಲ್ಲ.

ಇಷ್ಟಕ್ಕೂ ಈ ಸಣ್ಣ ಬೆಂಕಿಗೆ ಯಾಕಿಷ್ಟು ತಲೆಬಿಸಿ? ಬೀದರ್, ಕಲಬುರಗಿ, ಯಾದಗಿರಿ ಮೂರೂ ಜಿಲ್ಲೆ ಸೇರಿಸಿದರೂ ಇಲ್ಲಿರುವ ಕಾಡು ನೆಲದ ನೂರಕ್ಕೆ ಐದು ಪಾಲಿನ ಆಸುಪಾಸು. ಇರುವುದೇ ಇಷ್ಟು. ಅದರಲ್ಲಿ ಚಿಂಚೋಳಿ ವನ್ಯಜೀವಿಧಾಮ 134.88 ಚದರ ಕಿಲೋಮೀಟರ್, 2011ರಲ್ಲಿ ಘೋಷಣೆಯಾದದ್ದು. ಒಣನಾಡಿನಲ್ಲಿ ಇಂಥದ್ದು ದಕ್ಷಿಣ ಭಾರತದಲ್ಲಿ ಇದೇ ಮೊದಲು ಅಂತ ಹೇಳುತ್ತಾರೆ. ಚಂದ್ರಂಪಳ್ಳಿ ಕೆರೆಗೆ ನೀರು ಇಳಿಸುವ ಗುಡ್ಡ ಇದು. ಸಸಿ ವರ್ಷವರ್ಷ ಸುಟ್ಟರೆ ಮುದಿ ಮರಗಳ ನಂತರ ಬರುವ ತಲೆಮಾರು ಇರುವುದಿಲ್ಲ. ಅದು ಹತ್ತಿಪ್ಪತ್ತು ವರ್ಷ ಕಣ್ಣಿಗೆ ಕಾಣುವುದಿಲ್ಲ, ಕಂಡಾಗ ತಡವಾಗಿರುತ್ತದೆ.

ಈಗ ಹವಾಮಾನಕ್ಕೆ ಬರೋಣ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2022ರಲ್ಲಿ ಒಂದು ವರದಿ ತಂದಿತು. ತೀವ್ರ ಕಾಳ್ಗಿಚ್ಚುಗಳು 2030ಕ್ಕೆ ಶೇ 14, 2050ಕ್ಕೆ ಶೇ 30, ಶತಮಾನದ ಕೊನೆಗೆ ಶೇ 50ರವರೆಗೆ ಹೆಚ್ಚಬಹುದು ಅಂತ ಅದರ ಅಂದಾಜು. ಕೆನಡಾದ 2023, ಲಾಸ್ ಏಂಜಲೀಸ್‌ನ 2025ರ ಜನವರಿ ನೋಡಿದವರಿಗೆ ಇದು ಉತ್ಪ್ರೇಕ್ಷೆ ಅನ್ನಿಸುವುದಿಲ್ಲ. ನಮ್ಮ ರಾಜ್ಯಕ್ಕೆ ನೆನಪಿರುವುದು 2019ರ ಫೆಬ್ರುವರಿಯ ಬಂಡೀಪುರ, ಹತ್ತು ಸಾವಿರ ಎಕರೆಗೂ ಹೆಚ್ಚು ಸುಟ್ಟಿತು. ಅದಾದ ಮೇಲೆ ಬೆಂಕಿ ಅಂದರೆ ಬಂಡೀಪುರ, ನಾಗರಹೊಳೆ ಅಂತ ಆಗಿಬಿಟ್ಟಿದೆ. ಹುಲಿ ಇರುವ ಕಾಡಿನ ಬೆಂಕಿ ಸುದ್ದಿ, ಕೃಷ್ಣಮೃಗ ಮತ್ತು ತೋಳ ಇರುವ ಕಾಡಿನ ಬೆಂಕಿ ಪೇಜಿನ ಮೂಲೆ.

ಬಿಸಿಲು ಹೆಚ್ಚಾದರೆ ಬೆಂಕಿ ಹೆಚ್ಚು ಅನ್ನುವುದು ಅರ್ಧ ನಿಜ. ಬಿಸಿಗಿಂತ ಮುಖ್ಯ ಗಾಳಿಯ ದಾಹ. ಏಪ್ರಿಲ್‌ನಲ್ಲಿ ಕಲಬುರಗಿಯ ಮಾಳಿಗೆ ಮೇಲೆ ಒದ್ದೆ ಪಂಚೆ ಹಾಕಿ ನೋಡಿ, ಚಹಾ ಕುಡಿದು ಬರುವಷ್ಟರಲ್ಲಿ ಗರಿಗರಿ. ಗಾಳಿ ಬಿಸಿಯಾದಷ್ಟೂ ನೀರಿನ ಆವಿ ಹಿಡಿಯುವ ತಾಕತ್ತು ಏರುತ್ತದೆ, ಅದೂ ಮೆಟ್ಟಿಲು ಮೆಟ್ಟಿಲಾಗಿ ಅಲ್ಲ, ಹಾರಿ ಹಾರಿ. 40 ಡಿಗ್ರಿಯಿಂದ 42ಕ್ಕೆ ಹೋದರೆ ಆ ತಾಕತ್ತು ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಏರುತ್ತದೆ. ಹೊಸ ತೇವ ಎಲ್ಲಿಂದಲೂ ಬರದಿದ್ದರೆ ಗಾಳಿ ಆ ನೀರನ್ನು ಎಲೆಯಿಂದ, ಹುಲ್ಲಿನಿಂದ, ಮಣ್ಣಿನಿಂದ ಹೀರುತ್ತದೆ. ಎರಡು ಡಿಗ್ರಿ ಅಂದರೆ ನಮಗೆ ಇನ್ನೊಂದು ಸುತ್ತು ಬೆವರು. ಕಾಡಿನ ನೆಲಕ್ಕೆ ಅದು ಬೇರೆಯೇ ಲೆಕ್ಕ.

ಹಾಗಾದರೆ ಅಪಾಯದ ದಿನ ಯಾವುದು ಅಂತ ಮೊದಲೇ ಹೇಳಬಹುದಾ? ವಿದೇಶಗಳಲ್ಲಿ ಒಂದು ಮೋಟು ಲೆಕ್ಕ ಇದೆ: ಉಷ್ಣತೆ 30 ಡಿಗ್ರಿಗಿಂತ ಮೇಲೆ, ಗಾಳಿಯ ತೇವ ಶೇ 30ಕ್ಕಿಂತ ಕೆಳಗೆ, ಗಾಳಿಯ ವೇಗ ಗಂಟೆಗೆ 30 ಕಿಲೋಮೀಟರ್‌ಗಿಂತ ಮೇಲೆ. ಮೂರೂ ಕೂಡಿದರೆ ಕೆಟ್ಟ ದಿನ. ನಮ್ಮಲ್ಲಿ ಇದನ್ನು ಹಾಕಿ ನೋಡಿ. ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋದ ಮೇಲೆ ರೋಹಿಣಿ ಮಳೆಯವರೆಗೆ ಮೊದಲ ಷರತ್ತು ದಿನಾ ಪಾಸು. ಎರಡನೆಯದೂ ಮಾರ್ಚ್, ಏಪ್ರಿಲ್‌ನ ಬಹುತೇಕ ಮಧ್ಯಾಹ್ನ ಪಾಸು. ಅಂದರೆ ಗಾಳಿಯ ವೇಗ ಒಂದನ್ನು ಬಿಟ್ಟರೆ ಮೂರು ತಿಂಗಳು ಹೆಚ್ಚುಕಡಿಮೆ ದಿನಾ ಕೆಂಪು ದೀಪ. ದಿನಾ ಉರಿಯುವ ಕೆಂಪು ದೀಪವನ್ನು ಯಾರು ನೋಡುತ್ತಾರೆ?

ಡೆಹ್ರಾಡೂನ್‌ನವರು ಕೊಡುವ ಅಪಾಯದ ಮುನ್ಸೂಚನೆಯ ಬೇರು ಕೂಡ ಕೆನಡಾದ ಸೂಚ್ಯಂಕದಲ್ಲಿದೆ. ಅದು ಚಳಿ ನಾಡಿನ ಪೈನ್ ಕಾಡನ್ನು ಮನಸ್ಸಿನಲ್ಲಿಟ್ಟು ಕಟ್ಟಿದ್ದು. ಇಲ್ಲಿಗೆ ಒಗ್ಗಿಸಿಕೊಳ್ಳುವ ಕೆಲಸ ಮಾಡಿದ್ದಾರೆ, ಆ ಶ್ರಮವನ್ನು ಅಲ್ಲಗಳೆಯಲ್ಲ. ಆದರೆ ಇಡೀ ದೇಶಕ್ಕೆ ಒಗ್ಗಿಸುವುದು ಬೇರೆ, ಮುರುಮು ನೆಲದ ಮೇಲಿನ ತೇಗ, ಜಾಲಿ, ಹುಲ್ಲಿಗೆ ಒಗ್ಗಿಸುವುದು ಬೇರೆ. ನಮಗೆ ಬೇಕಾದ್ದು ಕೆಂಪು ದಿನಗಳ ನಡುವೆ ಕಡುಗೆಂಪು ದಿನ ಯಾವುದು ಅನ್ನುವ ಉತ್ತರ.

ಆ ಉತ್ತರ ಸಿಗುವುದು ಉಪಗ್ರಹದಲ್ಲಲ್ಲ, ತಕ್ಕಡಿಯಲ್ಲಿ. ತಮಾಷೆ ಮಾಡುತ್ತಿಲ್ಲ. ಕಾಡಿನ ನೆಲದಿಂದ ಒಣ ಎಲೆ 100 ಗ್ರಾಂ ತೂಗಿ ತೆಗೆದುಕೊಳ್ಳಿ, ಗಾಳಿ ಆಡದ ಚೀಲದಲ್ಲಿ ತನ್ನಿ. ಸುಮಾರು 100 ಡಿಗ್ರಿಯ ಒಲೆಯಲ್ಲಿ ಒಂದು ದಿನ ಒಣಗಿಸಿ. ಮತ್ತೆ ತೂಗಿ. 92 ಗ್ರಾಂ ಬಂದರೆ ಹೋದದ್ದು 8 ಗ್ರಾಂ ನೀರು. 8ನ್ನು 92ರಿಂದ ಭಾಗಿಸಿದರೆ ತೇವ ಶೇ 8.7. ಜಗತ್ತಿನ ಬೆಂಕಿ ವಿಜ್ಞಾನ ನಿಂತಿರುವುದೇ ಈ ಸಣ್ಣ ಅಂಕಿಯ ಮೇಲೆ. ಇದು ಶೇ 25-30 ದಾಟಿದರೆ ಬೆಂಕಿ ಸಾಗುವುದು ಕಷ್ಟ. 10ಕ್ಕಿಂತ ಕೆಳಗೆ ಬಂದರೆ ಬೀಡಿ ತುಂಡು ಸಾಕು.

ಕಾಡಂಚಿನವರಿಗೆ ಇದು ತಕ್ಕಡಿ ಇಲ್ಲದೆಯೂ ಗೊತ್ತು. ಬೆಳಗಿನ ಆರಕ್ಕೆ ತೇಗದೆಲೆ ತುಳಿದರೆ ಮೆತ್ತಗೆ ಬಾಗುತ್ತದೆ. ಮಧ್ಯಾಹ್ನ ಎರಡಕ್ಕೆ ಅದೇ ಎಲೆ ಹಪ್ಪಳದಂತೆ ಚೂರಾಗುತ್ತದೆ. ತೆಳ್ಳನೆ ಎಲೆ, ಹುಲ್ಲು ಒಂದೆರಡು ತಾಸಿನಲ್ಲಿ ಗಾಳಿಗೆ ತಕ್ಕಂತೆ ಬದಲಾಗುತ್ತವೆ, ಹೆಬ್ಬೆರಳು ಗಾತ್ರದ ಕಡ್ಡಿಗೆ ಅರ್ಧ ದಿನ ಬೇಕು, ಕೊರಡಿಗೆ ದಿನಗಟ್ಟಲೆ. ಎಲೆಯ ಆಕಾರವೂ ಆಟ ಆಡುತ್ತದೆ. ತೇಗದೆಲೆ ಅಗಲ, ಉದುರಿದಾಗ ಸಡಿಲವಾಗಿ ಪೇರುತ್ತದೆ, ನಡುವೆ ಗಾಳಿ. ಒಲೆಗೆ ಕಟ್ಟಿಗೆ ಜೋಡಿಸಿದ ಹಾಗೆ. ಜಾಲಿಯ ಪುಟ್ಟ ಎಲೆ ಒತ್ತಾಗಿ ಕೂರುತ್ತದೆ, ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು. ಚಿಂಚೋಳಿಯ ಯಾವ ಗುಡ್ಡದಲ್ಲಿ ಎಕರೆಗೆ ಎಷ್ಟು ಎಲೆ, ಎಷ್ಟು ಹುಲ್ಲು, ಯಾವ ತಿಂಗಳಲ್ಲಿ ಎಷ್ಟು ತೇವ ಅನ್ನುವ ಪಟ್ಟಿ ಕೈಗೆ ಬಂದರೆ, ಹೊಸ ಯಂತ್ರ ಕೊಳ್ಳುವುದಕ್ಕಿಂತ ಜಾಸ್ತಿ ಉಪಯೋಗ ಅಂತ ನನ್ನ ಎಣಿಕೆ.

ಹುಲ್ಲಿನ ವಿಷಯದಲ್ಲಿ ಒಂದು ತಿರುವು ಇದೆ. ಬರಗಾಲದ ಮರುವರ್ಷ ಬೆಂಕಿ ಹೆಚ್ಚು ಅಂತ ನಾವು ಅಂದುಕೊಳ್ಳುತ್ತೇವೆ. ಒಣ ಹುಲ್ಲುನಾಡಿನಲ್ಲಿ ಅನೇಕ ಸಲ ಅದು ಉಲ್ಟಾ. ಬರ ಬಿದ್ದರೆ ಹುಲ್ಲೇ ಬೆಳೆಯುವುದಿಲ್ಲ, ಬೆಳೆದದ್ದನ್ನು ದನ ಕುರಿ ಬುಡದವರೆಗೆ ಮೇಯುತ್ತವೆ, ಸುಡಲು ಏನೂ ಉಳಿಯುವುದಿಲ್ಲ. ಮಳೆ ಜೋರಾದ ವರ್ಷ ಹುಲ್ಲು ಎದೆಮಟ್ಟ ಬೆಳೆದು, ಎಳ್ಳಮಾಸಿಯ ಹೊತ್ತಿಗೆ ಒಣಗಿ ನಿಲ್ಲುತ್ತದೆ. ಅದಕ್ಕೆ ಸುಡುಬೇಸಿಗೆ ಜೊತೆಯಾದರೆ ಮುಗಿಯಿತು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದ್ದು ನೆನಪಿದೆಯಲ್ಲ, 2023ರಲ್ಲಿ ಬರ ಬಂದದ್ದೂ ನೆನಪಿದೆ. ಹವಾಮಾನ ಬದಲಾವಣೆ ಅಂದರೆ ಸುಮ್ನೆ ಬಿಸಿ ಏರುವುದಲ್ಲ, ಈ ಎರಡು ತುದಿಗಳ ನಡುವಿನ ಜೀಕಾಟ. ಹಿಂಗಾರಿನ ಮಳೆ ಲೆಕ್ಕ ನೋಡಿ ಮುಂದಿನ ಮಾರ್ಚ್‌ನ ಬೆಂಕಿಯನ್ನು ನಾಲ್ಕು ತಿಂಗಳು ಮೊದಲೇ ಅಂದಾಜು ಮಾಡಬಹುದು. ಅದಕ್ಕೆ ಬೇಕಾದ ಮಳೆ ಲೆಕ್ಕ ಆಗಲೇ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕ, ಹೋಬಳಿಗಳಲ್ಲಿ ಹವಾಮಾನ ಮಾಪಕ ನಿಲ್ಲಿಸಿದೆ. ಉಷ್ಣತೆ, ತೇವ, ಗಾಳಿ ಎಲ್ಲ ದಾಖಲಾಗುತ್ತದೆ. ಬೆಳೆ ವಿಮೆಗೆ, ಬರ ಘೋಷಣೆಗೆ ಕೆಲಸಕ್ಕೆ ಬರುವ ಅದೇ ಅಂಕಿ ಬೆಂಕಿಗೂ ಬರುತ್ತದೆ. ಕಾಡಿನ ತೇವದ ಪಟ್ಟಿಯನ್ನು ಅದರ ಪಕ್ಕ ಇಟ್ಟು ನೋಡುವವರು ಬೇಕು.

ಇನ್ನು ಕಡ್ಡಿ ಗೀರುವ ಕೈ. ನಮ್ಮ ದೇಶದ ಕಾಡುಬೆಂಕಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮನುಷ್ಯರಿಂದಲೇ. ಇದನ್ನು ಹೇಳಿದ ಕೂಡಲೇ ಎಲ್ಲರೂ ಕುರಿಗಾರರ ಕಡೆ, ತಾಂಡಾಗಳ ಕಡೆ ಬೆರಳು ತೋರಿಸುತ್ತಾರೆ. ಆ ದಿನ ಟೊಂಗೆ ಬಡಿಯುತ್ತಿದ್ದ ಹಿರಿಯರನ್ನು ನಾನೂ ಕೇಳಿದೆ, ಯಾರು ಹಚ್ಚಿರಬಹುದು ಅಂತ. ನಕ್ಕರು. "ಹುಲ್ಲ ಸುಟ್ರ ಹೊಸಾ ಹುಲ್ಲ ಬರ್ತದ್ರಿ, ಖರೇ. ಆದ್ರ ಈಗ ಯಾವ ಶ್ಯಾಣ್ಯಾ ಸುಡ್ತಾನ್ರಿ? ಮಳಿ ಇನ್ನಾ ಮೂರು ತಿಂಗಳ ಅದ. ಅಲ್ಲೀ ತನಕ ನನ್ನ ಕುರಿ ಏನ್ ತಿನ್ಬೇಕು?"

ನನಗೆ ಇದು ಹಲವು ವರದಿಗಳಿಗಿಂತ ಹರಿತವಾದ ಮಾತು ಅನ್ನಿಸಿತು. ಬೆಂಕಿ ಹಚ್ಚುವುದಕ್ಕೆ ಒಂದು ಹೊತ್ತು ಇದೆ, ಒಂದು ಲೆಕ್ಕ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ತರಗು ಬೆಂಕಿ ಅಂತ ಪದ್ಧತಿ ಇತ್ತು. ಬೇಸಿಗೆಯ ಮೊದಲ ದಿನಗಳಲ್ಲೇ, ನೆಲದಲ್ಲಿ ಇನ್ನೂ ಸ್ವಲ್ಪ ತೇವ ಇರುವಾಗ, ತರಗೆಲೆಯನ್ನು ಸಣ್ಣಗೆ ಸುಡುವುದು. 1974ರಲ್ಲಿ ಅಲ್ಲಿ ವನ್ಯಜೀವಿಧಾಮ ಆಯಿತು, ಬೆಂಕಿ ನಿಂತಿತು. ಆಮೇಲೆ ಲಾಂಟಾನ ಕಾಡು ತುಂಬಿತು, ನೆಲ್ಲಿ ಮರಕ್ಕೆ ಬದನಿಕೆ ಹತ್ತಿತು ಅಂತ ಸೋಲಿಗರು ಹೇಳುತ್ತ ಬಂದರು. ಸಂಶೋಧಕರು ಅವರ ಜೊತೆ ಕೂತು ಆ ಮಾತನ್ನು ಅಳೆದು ನೋಡಲು ಶುರು ಮಾಡಿದ ಮೇಲೆ ಅದಕ್ಕೆ ಬೆಲೆ ಬಂತು. ಅದನ್ನು ಇಲ್ಲಿಗೆ ತಂದು ಅಂಟಿಸಿ ಅಂತ ನಾನು ಹೇಳುತ್ತಿಲ್ಲ. ಆ ಕಾಡು ಬೇರೆ, ಮಳೆ ಬೇರೆ. ಕೂತು ಕೇಳುವ ಆ ಕ್ರಮ ಮಾತ್ರ ಬೇಕು.

ಅಳತೆ ಅಂದರೆ ಹೇಗಿರುತ್ತದೆ ಅನ್ನುವುದಕ್ಕೆ ಮುದುಮಲೆ ನೋಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಲ್ಲಿ 1988ರಲ್ಲಿ 50 ಹೆಕ್ಟೇರ್ ಕಾಡು ಗುರುತು ಹಾಕಿಕೊಂಡರು. ಬೆರಳು ದಪ್ಪದ ಗಿಡದಿಂದ ಹಿಡಿದು ಪ್ರತಿ ಮರಕ್ಕೂ ನಂಬರ್. ಬೆಂಕಿ ಬಂದಾಗ ಯಾವುದು ಸತ್ತಿತು, ಯಾವುದು ಬುಡದಿಂದ ಮತ್ತೆ ಚಿಗುರಿತು, ಎಲ್ಲ ದಾಖಲೆ. ದೊಡ್ಡ ಮರ ಬದುಕುತ್ತವೆ, ಏಟು ಬೀಳುವುದು ಸಣ್ಣವಕ್ಕೆ ಅನ್ನುವುದನ್ನು ಅಂದಾಜಿನಲ್ಲಲ್ಲ, ಗಿಡ ಗಿಡ ಎಣಿಸಿ ಹೇಳಲು ಬಂತು.

ಚಿಂಚೋಳಿಗೆ 50 ಹೆಕ್ಟೇರ್ ಬೇಡ. ಸುಟ್ಟ ಕಡೆ, ಸುಡದ ಕಡೆ, ಮೇಯಿಸಿದ ಕಡೆ, ಬೇಲಿ ಹಾಕಿದ ಕಡೆ ಒಂದೊಂದು ಗುಂಟೆಯ ಹತ್ತಿಪ್ಪತ್ತು ತುಣುಕು ಸಾಕು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ 2009ರಿಂದ ಇದೆ, ಭೂಗೋಳ ಓದುವ ಹುಡುಗರಿದ್ದಾರೆ. ಗುಲಬರ್ಗಾ ವಿಶ್ವವಿದ್ಯಾಲಯ 1980ರಿಂದ ಇದೆ. ಉಪಗ್ರಹ ಚಿತ್ರ ಓದುವ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಹೈದರಾಬಾದ್‌ನಲ್ಲಿದೆ, ಚಿಂಚೋಳಿಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ದುಡ್ಡಿನ ಮಾತು ಬಂದರೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ರಸ್ತೆ, ಕಟ್ಟಡಕ್ಕೆ ಹೋಗುವ ದುಡ್ಡಿನಲ್ಲಿ ಒಂದು ತಕ್ಕಡಿ, ಒಂದು ಒಲೆ, ನಾಲ್ಕು ಹುಡುಗರ ಸಂಬಳ ಉದುರಿಹೋಗುವ ಚಿಲ್ಲರೆ. ಕಟ್ಟಡಕ್ಕೆ ರಿಬ್ಬನ್ ಕತ್ತರಿಸಬಹುದು, ಎಲೆ ತೂಗಿದ ಪಟ್ಟಿಗೆ ಆಗುವುದಿಲ್ಲ, ಅಷ್ಟೇ ತೊಂದರೆ.

ಬೀದರ್‌ನ ಪ್ರಶ್ನೆ ಇದಕ್ಕಿಂತ ತೊಡಕಿನದು. ಅಲ್ಲಿನ ಕೆಂಪು ಕಲ್ಲಿನ ಬಯಲಿನ ಹುಲ್ಲುಗಾವಲು ಕೃಷ್ಣಮೃಗದ ಮನೆ. ಹುಲ್ಲು ಸುಡದೆ, ಮೇಯದೆ ಬಿಟ್ಟರೆ ಬಳ್ಳಾರಿ ಜಾಲಿ ನುಗ್ಗುತ್ತದೆ. ಏಪ್ರಿಲ್‌ನಲ್ಲಿ ಸುಟ್ಟರೆ ನೆಲದಲ್ಲಿ ಮೊಟ್ಟೆ ಇಡುವ ಹಕ್ಕಿಗಳ ಗೂಡು ಹೋಗುತ್ತದೆ. ಡಿಸೆಂಬರ್‌ನಲ್ಲಿ ಸುಟ್ಟರೆ ಬೇಸಿಗೆಗೆ ಮೇವಿಲ್ಲ. ಒಂದು ತುಣುಕು ಈ ವರ್ಷ, ಇನ್ನೊಂದು ಮುಂದಿನ ವರ್ಷ ಅಂತ ಸರದಿ ಹಾಕಬಹುದಾ? ನನಗೆ ಸರಿ ಅನ್ನಿಸುತ್ತದೆ. ಆದರೆ "ಬೆಂಕಿ ಅಂದರೆ ಅಪರಾಧ" ಅನ್ನುವ ಒಂದೇ ಸಾಲಿನ ನಿಯಮ ಇರುವಲ್ಲಿ ಹೀಗೆ ಪ್ರಯೋಗ ಮಾಡುತ್ತೇನೆ ಅಂತ ಅರ್ಜಿ ಹಾಕಲೂ ಧೈರ್ಯ ಬೇಕು. ಹಾಗಂತ ನಿಯಮ ಸಡಿಲ ಮಾಡಿಬಿಟ್ಟರೆ ಎಲ್ಲರ ಕೈಗೂ ಕಡ್ಡಿಪೆಟ್ಟಿಗೆ ಬರುತ್ತದೆ. ಹೀಗಾಗಿ ನೆಲದ ಅಳತೆ ಇಲ್ಲದೆ ಈ ಜಗಳ ಬಗೆಹರಿಯದು.

ಓದುವವರು ಈಗಲೇ ಮಾಡಬಹುದಾದ ಸಣ್ಣ ಕೆಲಸ ಒಂದಿದೆ. ಡೆಹ್ರಾಡೂನ್ ಸಂಸ್ಥೆಯ 'ವನ ಅಗ್ನಿ' ಜಾಲತಾಣದಲ್ಲಿ ಯಾರು ಬೇಕಾದರೂ ಹೆಸರು ನೋಂದಾಯಿಸಿ ತಮ್ಮ ಕಡೆಯ ಬೆಂಕಿಯ ಎಚ್ಚರಿಕೆ ಪಡೆಯಬಹುದು. ಚುಕ್ಕೆ ಬಂದರೆ ಹೋಗಿ ನೋಡಿ, ಅದು ಕಾಡೋ ಕಬ್ಬೋ ಬರೆದಿಡಿ. ಅದಕ್ಕಿಂತ ಮುಖ್ಯ, ಚುಕ್ಕೆ ಬರದೆ ಬೆಂಕಿ ಕಂಡರೆ ಹೊತ್ತು, ಜಾಗ ಬರೆದಿಡಿ.

ಆಷಾಢದಲ್ಲಿ ಮತ್ತೆ ಆ ರಸ್ತೆಯಲ್ಲಿ ಹೋದೆ. ಎರಡೂ ಬದಿ ಹಸಿರೋ ಹಸಿರು, ಸುಟ್ಟದ್ದು ಯಾವುದು ಅಂತ ಗುರುತೇ ಹತ್ತಲಿಲ್ಲ. ಇಳಿದು ತೇಗದ ಬುಡ ಹುಡುಕಿದೆ. ಮಸಿ ಇನ್ನೂ ಇತ್ತು, ನನ್ನ ಮೊಣಕಾಲಿನಷ್ಟೇ ಎತ್ತರಕ್ಕೆ. ಅದರ ಸುತ್ತ ಹುಲ್ಲು ದಟ್ಟವಾಗಿತ್ತು, ಕೈಯಿಂದ ಸರಿಸಿ ಸಸಿ ಹುಡುಕಿದೆ. ಒಂದೂ ಸಿಗಲಿಲ್ಲ. ರಸ್ತೆ ದಾಟಿ ಸುಡದ ಬದಿಯಲ್ಲೂ ಅಷ್ಟೇ ಜಾಗ ಹುಡುಕಿದೆ, ಅಲ್ಲೂ ಸಿಗಲಿಲ್ಲ. ಕುರಿ ಹಿಕ್ಕೆ ಮಾತ್ರ ಎರಡೂ ಕಡೆ ಇತ್ತು.